ಗಿರಣಿ ಅಂಗಳದ ಮರಿಯಮಾ

ಮರಿಯಮಾ ಯಾರನ್ನು ಕಂಡರೂ ಮೊದಲು ಮೊಣಕಾಲು ನೋಡುತ್ತಿದ್ದರು. ಮುಖದ ಸರದಿ ಆಮೇಲೆ. ಊರಿಗೆ ಊರೇ ಮಾಸ್ಕ್ ಕಟ್ಟಿಕೊಂಡು ಒಬ್ಬರ ಕಣ್ಣನ್ನು ಇನ್ನೊಬ್ಬರು ಹುಡುಕುತ್ತಿದ್ದ ಆ ಚಳಿಗಾಲದಲ್ಲಿ, ಐವತ್ತು ದಾಟಿದ ಈ ಎತ್ತರದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ತಲೆ ತುಸು ಓರೆ ಮಾಡಿ ನನ್ನ ಪ್ಯಾಂಟಿನ ಮೊಣಕಾಲನ್ನೇ ದಿಟ್ಟಿಸಿದಾಗ, ಅಲ್ಲೇನೋ ಹರಿದಿರಬೇಕೆಂದು ನಾನು ಬಗ್ಗಿ ನೋಡಿಕೊಂಡೆ.

"ಹರಿದಿಲ್ಲ, ಬೀಗ ಹಾಕಿಕೊಂಡಿದೆ," ಅಂದರು. "ಕುರ್ಚಿ ಬಿಟ್ಟು ಏಳೋದೇ ಇಲ್ಲವಾ ನೀವು?"

ಅವರು ಆಡುತ್ತಿದ್ದುದು ಡಚ್ಚು, ಫ್ರೆಂಚು, ಇಂಗ್ಲಿಷು ಕಲಸಿದ ಅವರದೇ ಒಂದು ಭಾಷೆ. ಈಗ ನೆನೆದರೆ ಆ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ. ಯಾಕೋ ಗೊತ್ತಿಲ್ಲ.

ಪಶ್ಚಿಮ ಆಫ್ರಿಕದ ಗಿನಿ ದೇಶದವರು. ಹರೆಯದಲ್ಲಿ ನೃತ್ಯತಂಡದ ಜೊತೆ ಯೂರೋಪಿಗೆ ಬಂದು, ನಾವೂ ಇರುವ ನೆದರ್ಲೆಂಡ್ಸಿನ ಈ ಟಿಲ್‌ಬರ್ಗ್ ಊರಿನಲ್ಲಿ ನೆಲೆ ನಿಂತು, ನೃತ್ಯ ಸಂಯೋಜಕಿಯೆಂದು ಹೆಸರು ಮಾಡಿದ್ದರು. ಆದರೆ ವೇದಿಕೆಯ ಕೆಲಸವನ್ನು ಯಾವತ್ತೋ ಕೈಬಿಟ್ಟು, ಊರಂಚಿನ ಹಳೆಯ ಉಣ್ಣೆ ಗಿರಣಿಯ ಶೆಡ್ಡಿನಲ್ಲಿ ಹದಿಹರೆಯದ ಮಕ್ಕಳನ್ನು ಕುಣಿಸುತ್ತಿದ್ದರು. ಶಾಲೆ ಬಿಟ್ಟವರು, ಯುದ್ಧದ ನಾಡುಗಳಿಂದ ಓಡಿಬಂದವರು, ಮನೆಯಿಂದ ಹೊರಗೆ ಕಾಲಿಡಲೊಲ್ಲದವರು ಅಲ್ಲಿಗೆ ಬರುತ್ತಿದ್ದರು. ಗಂಡ ಸೆಕು ಹಗಲು ಗೋದಾಮಿನಲ್ಲಿ ದುಡಿದು, ಸಂಜೆ ಅಲ್ಲಿ ಡೋಲು ಬಾರಿಸುತ್ತಿದ್ದ. ಯಾರಾದರೂ "ಆಫ್ರಿಕನ್ ಡಾನ್ಸ್ ಕಲಿಸ್ತೀರಂತೆ" ಅಂದರೆ ಮರಿಯಮಾಗೆ ರೇಗುತ್ತಿತ್ತು. "ಹಾಗಂತ ಒಂದು ಡಾನ್ಸ್ ಇಲ್ಲ. ನೀವು 'ಏಷ್ಯನ್ ಡಾನ್ಸ್' ಕಲಿತಿದ್ದೀರಾ? ಇದು ನನ್ನ ಅತ್ತೆ ಕಲಿಸಿದ್ದು. ಮೀನು ಹಿಡಿದು ಬಂದ ಹೆಂಗಸರು ಕುಣಿಯೋದು. ಹಾಗೆ ಹೇಳಿ."

ನಾವು ಅವರ ಹತ್ತಿರ ಹೋದದ್ದು ಒಂದು ಫೋನಿನಿಂದ. ಶಾಲೆಗಳು ಮುಚ್ಚಿದ್ದವು. ನಾನು ಅಡಿಗೆಮನೆಯ ಮೇಜಿನ ಮೇಲೆ ಕಂಪನಿ ಕೆಲಸ ಮಾಡುತ್ತಿದ್ದೆ. ಹೆಂಡತಿ ವಿದ್ಯಾ ಮಲಗುವ ಕೋಣೆಯಲ್ಲಿ ತನ್ನ ಸಂಶೋಧನೆಯ ಮೀಟಿಂಗುಗಳಲ್ಲಿ ಮುಳುಗಿರುತ್ತಿದ್ದಳು. ಹದಿನೈದರ ಮಗಳು ಅನಘಾ ಮೇಲಿನ ತನ್ನ ಕೋಣೆಯಲ್ಲಿ. ಬಾಗಿಲಾಚೆ ಮೇಷ್ಟ್ರುಗಳ ದನಿ ಕೇಳುತ್ತಿತ್ತು. ಓದುತ್ತಿದ್ದಾಳೆ ಎಂದು ನಾವಿಬ್ಬರೂ ನೆಮ್ಮದಿಯಿಂದಿದ್ದೆವು. ಒಂದು ಮಧ್ಯಾಹ್ನ ಅವಳ ತರಗತಿಯ ಮೇಡಂ ಫೋನ್ ಮಾಡಿ, "ಅನಘಾಳ ಮೈಕ್ ಇನ್ನೂ ರಿಪೇರಿ ಆಗಲಿಲ್ಲವೇ?" ಎಂದು ಕೇಳಿದರು. ಎಷ್ಟೋ ವಾರಗಳಿಂದ ಹೆಸರು ಕರೆದರೆ ಉತ್ತರವಿಲ್ಲ, ಕ್ಯಾಮೆರಾ ಇಲ್ಲ. ಮೈಕ್ ಕೆಟ್ಟಿದೆ ಎಂದು ಅವಳೇ ಬರೆದು ತಿಳಿಸಿದ್ದಳಂತೆ.

ವಿದ್ಯಾ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತಳು. "ಮೈಕ್ ಚಲೋನ ಐತ್ರಿ. ಮೊನ್ನೆ ನಾನ ಆ ಲ್ಯಾಪ್‌ಟಾಪಿನ್ಯಾಗ ಅವ್ವನ ಜೋಡಿ ಮಾತಾಡೇನಿ."

ನಾನು ಮೇಲೆ ಹೋಗಿ ಬಾಗಿಲು ಬಡಿದೆ. ಒಳಗಿನಿಂದ ಚಿಲಕ. ಲ್ಯಾಪ್‌ಟಾಪಿನಲ್ಲಿ ಯಾರೋ ಭೂಗೋಳ ಹೇಳುತ್ತಲೇ ಇದ್ದರು. "ಅನಘಾ, ಏನಾಗೇತವ್ವಾ?" ಅಂದರೆ, "ಲಾಟ್ ಮಾರ್, ಪಪ್ಪಾ" ಎಂದಷ್ಟೇ ಬಂತು. ಬಿಟ್ಟುಬಿಡಿ, ಎಂದು. ನಿತ್ರಾಣವಾದ ಮುದುಕಿಯ ದನಿ ಅದು. ಒಂದೇ ಮಹಡಿ ಕೆಳಗೆ ಕೂತು ನಾನು ಚಹಾ ಕುಡಿಯುತ್ತಿದ್ದಾಗೆಲ್ಲ ಇಲ್ಲಿ ಏನು ನಡೆದಿತ್ತು?

ಫ್ಯಾಮಿಲಿ ಡಾಕ್ಟರು ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ಬರೆದುಕೊಟ್ಟರು. ಆದರೆ ಅಲ್ಲಿ ಸರದಿ ಬರಲು ಎಷ್ಟೋ ತಿಂಗಳು ಬೇಕು ಅಂದರು. ಮರಿಯಮಾ ಹೆಸರು ಹೇಳಿದ್ದು ಫೋನ್ ಮಾಡಿದ್ದ ಆ ತರಗತಿಯ ಮೇಡಮ್ಮೇ.

ಅನಘಾ ಹೇಗೆ ಒಪ್ಪಿದಳೋ ಇವತ್ತಿಗೂ ತಿಳಿಯದು. ಒಂದು ಶನಿವಾರ ಜಾಕೆಟ್ ಹಾಕಿಕೊಂಡು ಸೈಕಲ್ ಹತ್ತಿದಳು, ಹಿಂದೆ ನಾನು. ಶೆಡ್ಡಿನೊಳಗೆ ಸೇರುವಂತಿರಲಿಲ್ಲ, ಆದರೆ ಚಿಕ್ಕವರು ಬಯಲಿನಲ್ಲಿ ಕೂಡಿ ಆಡಬಹುದೆಂಬ ಸಡಿಲಿಕೆ ಇತ್ತು. ಹಾಗಾಗಿ ಗಿರಣಿಯ ಹಿಂದಿನ ಸಿಮೆಂಟು ಅಂಗಳದಲ್ಲೇ ಕುಣಿತ. ಹೆತ್ತವರು ಬೇಲಿಯಾಚೆ ನಿಲ್ಲಬೇಕು. ಮರಿಯಮಾ ಅನಘಾಳ ಮೊಣಕಾಲು ನೋಡಿದರು, ಏನೂ ಅನ್ನಲಿಲ್ಲ. ತಮ್ಮ ಕತ್ತಿನ ಉಣ್ಣೆಯ ವಸ್ತ್ರ ತೆಗೆದು ಅವಳ ಸೊಂಟಕ್ಕೆ ಬಿಗಿದು ಕಟ್ಟಿ, ಬೆನ್ನಿಗೆ ಒಂದು ತಟ್ಟು ತಟ್ಟಿದರು.

ಆಟ ಸರಳ. ಮಕ್ಕಳು ಸುತ್ತ ನಿಲ್ಲಬೇಕು, ಒಬ್ಬೊಬ್ಬರಾಗಿ ನಡುವೆ ಬರಬೇಕು. ನಡುವಿನವರು ಏನು ಮಾಡಿದರೂ ಸುತ್ತಲಿನವರು ಅದನ್ನೇ ಮಾಡಬೇಕು. ಒಬ್ಬ ಹುಡುಗ ಹಾರಿದ, ಎಲ್ಲರೂ ಹಾರಿದರು. ಒಬ್ಬಳು ನೆಲಕ್ಕೆ ಕಾಲು ಅಪ್ಪಳಿಸಿದಳು, ಎಲ್ಲರ ಕಾಲೂ ಅಪ್ಪಳಿಸಿತು. ಅನಘಾಳ ಸರದಿ ಬಂತು. ನಡುವೆ ಹೋಗಿ ಸುಮ್ಮನೆ ನಿಂತಳು. ಎಲ್ಲರೂ ಸುಮ್ಮನೆ ನಿಂತರು. ಸೆಕು ಡೋಲಿನ ಮೇಲಿಂದ ಕೈ ತೆಗೆದ. ಬೇಲಿಯ ಸರಳು ಹಿಡಿದ ನನ್ನ ಬೆರಳು ಚಳಿಗೆ ಮರಗಟ್ಟುತ್ತಿದ್ದವು. ಆಮೇಲೆ ಅವಳು ಆ ಒದ್ದೆ ಸಿಮೆಂಟಿನ ಮೇಲೆ ಕೂತಳು, ಕಾಲು ಮಡಚಿ ಎದೆಗೆ ಒತ್ತಿಕೊಂಡಳು, ತಲೆಯನ್ನು ಮಂಡಿಗಳ ನಡುವೆ ಹುದುಗಿಸಿ, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡಳು. ಸುತ್ತಲಿದ್ದ ಅಷ್ಟೂ ಮಕ್ಕಳು ಹಾಗೇ ಕೂತು, ಹಾಗೇ ತಲೆ ಹುದುಗಿಸಿ, ಹಾಗೇ ಕಿವಿ ಮುಚ್ಚಿಕೊಂಡರು. ಐವತ್ತು ದಾಟಿದ ಮರಿಯಮಾ ಕೂಡ.

ನನ್ನ ಮಗಳು ಚಿಲಕ ಹಾಕಿದ ಬಾಗಿಲ ಹಿಂದೆ ದಿನವಿಡೀ ಹೇಗೆ ಕೂತಿರುತ್ತಾಳೆಂದು ನನಗೆ ಆಗ ಗೊತ್ತಾಯಿತು. ಗೇಟು ತಳ್ಳಿಕೊಂಡು ಒಳಗೆ ನುಗ್ಗಿದೆ. ಮರಿಯಮಾ ತಲೆ ಎತ್ತದೆಯೇ ಒಂದು ಕೈ ಚಾಚಿ ತಡೆದರು.

"ಪಾಪಾ ಅನಘಾ, ಅಲ್ಲೇ ನಿಲ್ಲಿ. ಇವತ್ತು ಅವಳೇ ಟೀಚರ್."

ಅವರ ಊರಿನಲ್ಲಿ ಹೆತ್ತವರನ್ನು ಮಕ್ಕಳ ಹೆಸರಿನಿಂದ ಕರೆಯುವುದು ವಾಡಿಕೆಯಂತೆ. ನಮ್ಮ ಗದಗಿನ ಓಣಿಯಲ್ಲೂ ಹಾಗೇ ಅಲ್ಲವೇ! ನಾನು ನಿಂತೆ. ಎಷ್ಟೋ ಹೊತ್ತಿನ ಮೇಲೆ ಅನಘಾ ಬೆರಳ ಸಂದಿಯಿಂದ ಸುತ್ತ ನೋಡಿದಳು. ತನ್ನಂತೆಯೇ ಮುದ್ದೆಯಾಗಿ ಕೂತ ಅಷ್ಟು ಜನರನ್ನು ಕಂಡು ಅವಳ ಬಾಯಿಂದ ಒಂದು ಸದ್ದು ಹೊರಟಿತು. ಅಳುವೋ ನಗುವೋ ಹೇಳಲಾರೆ. ಮರಿಯಮಾ ಆ ಸದ್ದನ್ನೂ ಬಿಡಲಿಲ್ಲ, ಹಾಗೇ ತಿರುಗಿ ಹೊರಡಿಸಿದರು. ಮಕ್ಕಳೂ ಹೊರಡಿಸಿದರು. ಪಕ್ಕದ ಫ್ಲ್ಯಾಟಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ವಿಷಯ ತಿಳಿದು ಗದಗಿನಿಂದ ನಮ್ಮವ್ವ ವಿಡಿಯೋ ಕಾಲ್ ಮಾಡಿದಳು. ಹೆಸರು ಕೇಳಿಯೇ ಬೆಚ್ಚಿಬಿದ್ದಳು. "ಮರಿಯವ್ವ? ಊರ ತುಂಬ ರೋಗ ಬಿದ್ದೈತಿ, ನೀ ಹೋಗಿ ಹೋಗಿ ಮಾರೆವ್ವನ ಕಡೆನ ಕೂಸಿನ್ನ ಕಳಿಸೀಯಲ್ಲೋ!" ಆಮೇಲೆ ತಾನೇ ತುಸು ಯೋಚಿಸಿ, "ಹೋಗ್ಲಿ ಬಿಡು, ಆಕಿನ ಕಾಯ್ತಾಳ" ಅಂದಳು.

ಕೆಲವು ವಾರಗಳಾದ ಮೇಲೆ ನಾನು ಮರಿಯಮಾರನ್ನು ಕೇಳಿದೆ: ಇನ್ನೆಷ್ಟು ಕ್ಲಾಸ್ ಆದರೆ ಇವಳು ಪೂರ್ತಿ ಸರಿಹೋಗಬಹುದು? ಇಂಜಿನಿಯರನ ಪ್ರಶ್ನೆ. ಅವರು ಸಿಟ್ಟಾಗಲಿಲ್ಲ. "ನಾನು ಡಾಕ್ಟರಲ್ಲ, ಪಾಪಾ ಅನಘಾ. ಕುಣಿಸೋಳು. ಡಾಕ್ಟರ ಸರದಿ ಬರೋವರೆಗೂ ಹುಡುಗಿ ಬೀಳದ ಹಾಗೆ ಹಿಡಿದುಕೊಂಡಿರ್ತೀನಿ. ಸರದಿ ಬಂದ ದಿನ ತಪ್ಪಿಸಬೇಡಿ, ಕರೆದುಕೊಂಡು ಹೋಗಿ." ಮತ್ತೊಮ್ಮೆ ಯಾವುದೋ ಕಚೇರಿಯವರು ಬಂದು, ಮಕ್ಕಳು ನಗುತ್ತಾ ಕುಣಿಯುವ ಒಂದು ವಿಡಿಯೋ ಬೇಕೆಂದರು. "ನಗು ಬಂದಾಗ ಫೋನ್ ಮಾಡ್ತೀನಿ," ಎಂದು ಗೇಟಿನಿಂದಲೇ ಬೀಳ್ಕೊಟ್ಟರು.

ಬೇಸಿಗೆಯ ಹೊತ್ತಿಗೆ ಅನಘಾಳ ಕೋಣೆಯ ಬಾಗಿಲು ತೆರೆದೇ ಇರತೊಡಗಿತು. ಡಾಕ್ಟರ ಸರದಿಯೂ ಬಂತು, ಹೋಗಿ ಬರುತ್ತಿದ್ದಳು. ಒಂದು ಸಂಜೆ ಅಡಿಗೆಮನೆಯಲ್ಲಿ ಅಮ್ಮನ ರೊಟ್ಟಿ ಬಡಿತಕ್ಕೆ ಸರಿಯಾಗಿ ಅವಳ ಹಿಮ್ಮಡಿ ನೆಲಕ್ಕೆ ಬೀಳುವುದನ್ನು ಕಂಡೆ. "ಸಾಕs, ಬಾಜೂ ಮನಿಯವ್ರು ಬರ್ತಾರ ನೋಡ ಈಗ," ಎಂದು ವಿದ್ಯಾ ಬೈದಳು. ಬೈಯುತ್ತಲೇ ಇನ್ನೂ ಜೋರಾಗಿ ಬಡಿದಳು.

ಆ ವರ್ಷದ ಕೊನೆಗೆ ಮರಿಯಮಾಗೂ ಕೋವಿಡ್ ಬಂತು. ಗಾಬರಿಯಾಗುವಂಥದ್ದೇನಲ್ಲ, ಎರಡು ದಿನ ಜ್ವರ ಅಷ್ಟೇ ಎಂದ ಸೆಕು. ಮುಂದಿನ ಶನಿವಾರ ಕ್ಲಾಸ್ ಇಲ್ಲ ಎಂದು ಮೆಸೇಜ್ ಬಂತು. ಅದರ ಮುಂದಿನ ವಾರವೂ ಬಂತು. ಆಮೇಲೆ ಮೆಸೇಜೂ ನಿಂತಿತು. ವಸಂತ ಬಂತು, ಮಾಸ್ಕ್‌ಗಳು ಹೋದವು, ಅಂಗಡಿ ಹೋಟೆಲು ತೆರೆದವು. ಗಿರಣಿಯ ಗೇಟಿಗೆ ಮಾತ್ರ ಬೀಗ. ಕೇಳಿದಾಗೆಲ್ಲ ಸೆಕು, "ಸುಸ್ತು, ಬಹಳ ಸುಸ್ತು" ಅನ್ನುತ್ತಿದ್ದ. ಸುಸ್ತು ಎಂದರೆ ನಾನು ನನ್ನ ಸುಸ್ತನ್ನೇ ಅಂದುಕೊಂಡಿದ್ದೆ.

ಜೂನಿನಲ್ಲಿ ಒಂದು ದಿನ ಬರಬಹುದೆಂದು ಸೆಕು ಹೇಳಿದ. ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ ಊರಲ್ಲಿ ಕೊಡುವ ಅಂಟಿನುಂಡಿಯನ್ನು ವಿದ್ಯಾ ಡಬ್ಬಿ ತುಂಬ ಕಟ್ಟಿಕೊಟ್ಟಳು. ನಾನೂ ಅನಘಾಳೂ ಹೋದೆವು. ಬಾಗಿಲ ಗಂಟೆಯ ವೈರು ಕಿತ್ತಿದ್ದರು. ನಾವು ಬಂದದ್ದನ್ನು ಕಿಟಕಿಯಿಂದಲೇ ಕಂಡ ಸೆಕು ಬರಿಗಾಲಲ್ಲಿ ಇಳಿದು ಬಂದು, ಪಿಸುದನಿಯಲ್ಲಿ, "ಶೂ ಇಲ್ಲೇ ಬಿಡಿ. ಮೆಟ್ಟಿಲು ಮೆಲ್ಲಗೆ" ಅಂದ.

"ಡೋಲುಗಳು?" ಎಂದು ಅನಘಾ ಪಿಸುಗುಟ್ಟಿದಳು. ಪಡಸಾಲೆ ಬಿಕೋ ಎನ್ನುತ್ತಿತ್ತು.

"ಗೆಳೆಯನ ಗ್ಯಾರೇಜಿನಲ್ಲಿವೆ. ಅಲ್ಲೂ ಬಾರಿಸೋದಿಲ್ಲ. ಬಾರಿಸಿ ಮನೆಗೆ ಬಂದರೆ ನನ್ನ ಕೈಯಲ್ಲಿ ಇನ್ನೂ ಸದ್ದಿದೆ ಅಂತಾಳೆ."

ಕೋಣೆಗೆ ದಪ್ಪ ಪರದೆ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಹಾಸಿಗೆಯಲ್ಲಿದ್ದವರನ್ನು ನೋಡಿದೆ. ಕಣ್ಣಿಗೆ ಕಪ್ಪು ಕನ್ನಡಕ. ಕಿವಿಗಳ ಮೇಲೆ ರಸ್ತೆ ಅಗೆಯುವವರು ಹಾಕಿಕೊಳ್ಳುವಂಥ ದಪ್ಪ ಮುಚ್ಚಿಗೆ. ಅದರ ಕೆಳಗೆ, ನಾನು ಬಲ್ಲ ಆ ಅಗಲವಾದ ಮುಖ ಅಂಗೈಯಷ್ಟಾಗಿತ್ತು. ಫ್ರಿಜ್ಜಿನ ಸದ್ದು ಕೂಡ ತಾಳಲಾರರು, ಅದಕ್ಕೇ ಅದನ್ನೂ ಕೆಳಗಿನ ಶೆಡ್ಡಿಗೆ ಸಾಗಿಸಿದ್ದೇನೆ ಎಂದು ಬರಹೇಳಿದ ದಿನವೇ ಸೆಕು ಹೇಳಿದ್ದ. ಕೋವಿಡ್ ಹೋದರೂ ಅದು ಬಿಟ್ಟುಹೋದ ಕಾಯಿಲೆ ಹೋಗಿಲ್ಲ, ಬಟ್ಟೆ ಒಣಗಹಾಕಿ ಬಂದರೆ ಎರಡು ದಿನ ಏಳಲಾರರು ಎಂದೂ ಹೇಳಿದ್ದ. ಕೇಳಿಸಿಕೊಂಡಿದ್ದೆ. ಕಣ್ಣಾರೆ ಕಂಡಾಗ ಮಾತ್ರ, ಇಷ್ಟು ದೊಡ್ಡ ಹೆಂಗಸನ್ನು ಇಷ್ಟು ಸಣ್ಣ ಸದ್ದು ಹೀಗೆ ಕೆಡವಬಹುದೇ ಎಂದು ದಿಕ್ಕು ತೋಚದೆ ನಿಂತುಬಿಟ್ಟೆ.

ಅನಘಾ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು. ಮರಿಯಮಾ ಒಂದು ಕಿವಿಯ ಮುಚ್ಚಿಗೆಯನ್ನು ಬೆರಳಷ್ಟು ಸರಿಸಿದರು.

"ಶನಿವಾರ ಯಾರು ಕುಣಿಸ್ತಿದ್ದಾರೆ?"

"ಯಾರೂ ಇಲ್ಲ. ನಿಮಗೆ ಕಾಯ್ತಾ ಇದ್ದೀವಿ."

ಮರಿಯಮಾ ತಲೆ ಎತ್ತಲು ನೋಡಿದರು, ಆಗಲಿಲ್ಲ. "ಕಾಯೋದಾ? ಕಾಯೋದನ್ನ ನಾನು ಕಲಿಸಿದ್ದೆನಾ ನಿಮಗೆ? ಗೇಟಿನ ಬೀಗದಕೈ ಸೆಕು ಹತ್ರ ಇದೆ. ತೊಗೊಂಡು ಹೋಗು." ಅಷ್ಟು ಹೇಳುವುದರೊಳಗೆ ಉಸಿರು ಮುಗಿಯಿತು. ಕನ್ನಡಕದ ಅಂಚಿನಿಂದ ನೀರು ಇಳಿಯಿತು. ಸೆಕು ನನ್ನ ತೋಳು ಮುಟ್ಟಿ, ಹೊರಡುವಂತೆ ಸನ್ನೆ ಮಾಡಿದ. ಡಬ್ಬಿಯನ್ನು ಸದ್ದಾಗದಂತೆ ಇಡಲು ನನಗೆ ಅಲ್ಲಿ ಜಾಗ ಹೊಳೆಯಲಿಲ್ಲ; ಅವನ ಕೈಗೇ ಕೊಟ್ಟೆ.

ಕೆಳಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಮನೆಯ ಪಕ್ಕದ ಗೋಡೆಗೆ ನಾಲ್ಕಾರು ಹುಡುಗರು ಚೆಂಡು ಒದೆಯುತ್ತಿದ್ದರು. ಧಡ್, ಧಡ್. ಕೂಗು, ಕೇಕೆ, ಜಿಗಿತ. ಅನಘಾ ಶೂಸಿನ ದಾರ ಕಟ್ಟುವುದನ್ನು ನಡುವೆಯೇ ಬಿಟ್ಟು ಓಡಿ, ಡಚ್ಚಿನಲ್ಲಿ ಅವರಿಗೇನೋ ಹೇಳಿದಳು. ಒಬ್ಬ ಹುಡುಗ ಮೇಲಿನ ಪರದೆ ನೋಡಿ, ಅಲ್ಲಿ ಯಾರಿದ್ದಾರೆ ಎಂದು ಕೇಳಿದ. "ನನ್ನ ಡಾನ್ಸ್ ಟೀಚರ್," ಅಂದಳು. ಅವನು ನಂಬಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೂ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡ. ಎಲ್ಲರೂ ತುದಿಗಾಲಲ್ಲಿ ದೂರ ಹೋದರು. ಮರಿಯಮಾ ಇರುವ ಕಡೆ ಮಕ್ಕಳಿಗೆ ಕುಣಿಯಬೇಡಿ ಎಂದು ನಾವೇ ಹೇಳಿ ಕಳಿಸಿದ್ದೆವು.

ಸೈಕಲ್ ತಳ್ಳಿಕೊಂಡು ಬರುವಾಗ, ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಕನ್ನಡದಲ್ಲಿ ಕೇಳಿದಳು: "ಪಪ್ಪಾ, ಅವ್ರು ಸಾಯಂಗಿಲ್ಲಲಾ?"

"ಗೊತ್ತಿಲ್ಲವ್ವಾ," ಅಂದೆ.

ಆ ಶರತ್ಕಾಲದಲ್ಲಿ ಅವರಿಬ್ಬರೂ ಊರು ಬಿಟ್ಟರು. ಉತ್ತರದ ಕಡೆ, ವಾಹನಗಳ ಓಡಾಟವಿಲ್ಲದ ಹೊಲದಂಚಿನ ಮನೆಯೊಂದು ಸಿಕ್ಕಿದೆ ಎಂದು ಸೆಕು ತಿಳಿಸಿದ್ದ. ಮೊದಮೊದಲು ಅವನ ಸಂದೇಶ ಬರುತ್ತಿತ್ತು. ಈಗ ಆ ನಂಬರಿಗೆ ಕರೆ ಹೋಗುವುದಿಲ್ಲ. ಅನಘಾ ಮತ್ತು ಅವಳ ಜೊತೆಯವರು ಶನಿವಾರಗಳಂದು ಗಿರಣಿಯ ಗೇಟು ತೆರೆಯುತ್ತಾರೆ. ಹೊಸ ಮಕ್ಕಳೂ ಬರುತ್ತಾರೆ.

ಹೋದ ತಿಂಗಳು ಹತ್ತಿರದ ಬೆಸ್ಟ್ ಎಂಬ ಊರಿನಿಂದ ನಮ್ಮ ಕಡೆಯವರೊಬ್ಬರು ಊಟಕ್ಕೆ ಬಂದಿದ್ದರು. ಅವರ ಮಗನೂ ಕೋಣೆ ಬಿಟ್ಟು ಬರುತ್ತಿಲ್ಲವಂತೆ. ಗಿರಣಿಯ ಕಥೆ ಹೇಳುತ್ತಾ ನಾನು, "ಅಲ್ಲೆ ಮರಿಯಮಾ ಅಂತ ಒಬ್ರು ಇದ್ರು," ಅಂದೆ.

ನೀರಿನ ಲೋಟ ಇಡುತ್ತಿದ್ದ ಅನಘಾಳ ಕೈ ತಡೆಯಿತು. ಅವಳು ದನಿ ಏರಿಸಲಿಲ್ಲ.

"ಇದ್ರು ಅಲ್ಲ, ಪಪ್ಪಾ. ಅದಾರ."