ರದ್ದಾಯಿತೆಂದು ನಾನೇ ಬರೆದ ಕಛೇರಿ

ಕಳೆದ ತಿಂಗಳು ಭದ್ರಾವತಿಯಿಂದ ಹಿರಿಯರೊಬ್ಬರು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಪಾಳಿ ಮುಗಿದ ಮೇಲೆ ಮದುವೆ, ಉತ್ಸವಗಳಲ್ಲಿ ನಾಗಸ್ವರದ ಜೊತೆಗೆ ತವಿಲ್ ಎಂಬ ಡೋಲು ನುಡಿಸುತ್ತಿದ್ದರು. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದರು. ಹಳೆಯ ಕಾರ್ಯಕ್ರಮಗಳಿಗೆ ದಾಖಲೆ ಬೇಕು, ಆದರೆ ಆಹ್ವಾನ ಪತ್ರಿಕೆಗಳಲ್ಲಿ ನಾಗಸ್ವರದವರ ಹೆಸರಿನ ಮುಂದೆ ‘ಮತ್ತು ತಂಡ’ ಎಂದಷ್ಟೇ ಅಚ್ಚಾಗಿರುತ್ತದೆ. ಈ ಹಿರಿಯರ ಹೆಸರು ಅಚ್ಚಾದ ಆಹ್ವಾನ ಪತ್ರಿಕೆ ಒಂದೇ ಒಂದು: ಕಾರ್ಖಾನೆಯ ಕ್ವಾರ್ಟರ್ಸಿನ ಒಂದು ವರ್ಷದ ಗಣೇಶೋತ್ಸವದ ಐದನೆಯ ದಿನದ್ದು. ಅದಕ್ಕೆ ಬೆಂಬಲವಾಗಲೆಂದು ಎಷ್ಟೋ ವರ್ಷಗಳ ಬಳಿಕ ಹೊರಬಂದ ಉತ್ಸವದ ಸ್ಮರಣ ಸಂಚಿಕೆಯನ್ನೂ ಅರ್ಜಿಗೆ ಲಗತ್ತಿಸಿದ್ದರು. ಅವರು ಓದಿದ್ದು ತಮಿಳು ಶಾಲೆಯಲ್ಲಿ, ಕನ್ನಡ ಓದಲು ಬಾರದು. ಸಂಚಿಕೆಯನ್ನು ತೆರೆದು ನೋಡಿರಲಿಲ್ಲ. ಮಾಸಾಶನದ ಇಲಾಖೆಯ ಗುಮಾಸ್ತರು ನೋಡಿದರು. ಅದರಲ್ಲಿ ಒಂದು ವಾಕ್ಯವಿತ್ತು: ‘ಆ ವರ್ಷ ಐದನೆಯ ದಿನದ ನಾಗಸ್ವರ ಕಛೇರಿ ಮಳೆಯಿಂದಾಗಿ ರದ್ದಾಯಿತು.’

ಆ ವಾಕ್ಯ ನನ್ನದು.

“ನೀವೇ ಅಲ್ವಾ ಸಾರ್ ಬರ್ದಿರೋದು?” ಎಂದು ಅವರು ಜೆರಾಕ್ಸ್ ಪ್ರತಿಯನ್ನು ಮುಂದಿಟ್ಟರು. “ಅವತ್ತು ನೀವೂ ಇದ್ರಿ. ತವಿಲ್ ಕಾಯಿಸೋ ಒಲೆಗೆ ಗಾಳಿ ಹಾಕಿದ್ದೇ ನೀವು.”

ಮಳೆಯಲ್ಲಿ ಕೇಳಿದ ಒಂದು ನಾಗಸ್ವರ ನನ್ನ ನೆನಪಿನಲ್ಲಿತ್ತು, ನಿಜ. ಆದರೆ ಸಂಚಿಕೆಗಾಗಿ ಉತ್ಸವದ ಇತಿಹಾಸ ಬರೆಯುವಾಗ, ಅಚ್ಚಿನಲ್ಲಿ ಆಧಾರ ಸಿಗದ ಯಾವುದನ್ನೂ ಸೇರಿಸಬಾರದೆಂದು ನಿಯಮ ಮಾಡಿಕೊಂಡಿದ್ದೆ. ಮರುದಿನದ ಪತ್ರಿಕೆಯ ವರದಿ ಕಛೇರಿ ರದ್ದಾಯಿತು ಎನ್ನುತ್ತಿತ್ತು. ಹಾಗಿದ್ದ ಮೇಲೆ ನಾನು ಕೇಳಿದ್ದು ಬೇರೆ ಯಾವುದೋ ವರ್ಷದ್ದಿರಬೇಕೆಂದು ತೀರ್ಮಾನಿಸಿ, ವರ್ಷ ತಿಳಿಯದ ಕಾರಣ ಕೈಬಿಟ್ಟಿದ್ದೆ.

ಅವರನ್ನು ಬಸ್ಸಿಗೆ ಕಳಿಸಿ ಬಂದ ಮೇಲೂ ಕೂರಲಾಗಲಿಲ್ಲ. ಒಳಗೂ ಹೊರಗೂ ಅಡ್ಡಾಡುತ್ತಿದ್ದ ನನ್ನನ್ನು ನೋಡಿ ಹೆಂಡತಿ ಅಂದಳು: “ಕುರ್ಚಿ ತಲೆ ಮೇಲಿಟ್ಕೊಂಡು ಸಂಗೀತ ಕೇಳ್ದೆ ಅಂತ ಮನೆಗೆ ಬಂದು ಹೇಳಿದ್ರಲ್ಲ ಮಾರಾಯ್ರೆ. ಪೇಪರ್‌ನೋರು ಬರೆದ್ರೆ ನಮ್ಮ ಮದುವೇನೂ ಆಗಿಲ್ಲ ಅಂತ ಒಪ್ಕೋತೀರೇನು?”

ಕುರ್ಚಿ ಎಂದದ್ದೇ ತಡ, ಆ ಸಂಜೆ ಇಡಿಯಾಗಿ ಎದ್ದು ಬಂತು. ಮೈದಾನದ ಶಾಮಿಯಾನ ನೀರು ತುಂಬಿ ಜೋತುಬಿದ್ದಿತ್ತು. ಕರೆಂಟು ಹೊಡೆದೀತೆಂದು ಮೈಕು, ದೀಪಗಳನ್ನು ಆರಿಸಿದಾಗ ಅರ್ಧದಷ್ಟು ಜನ ಎದ್ದು ಹೋದರು. ಉಳಿದವರು ಕಬ್ಬಿಣದ ಮಡಚು ಕುರ್ಚಿಗಳನ್ನು ತಲೆಯ ಮೇಲೆ ಹಿಡಿದು ವೇದಿಕೆಗೆ ಒತ್ತರಿಸಿ ನಿಂತೆವು. ನಾಗಸ್ವರದವರು ಕೆಳಗಿಳಿದು ನಮ್ಮ ನಡುವೆಯೇ ನಿಂತು ನುಡಿಸತೊಡಗಿದರು. ಥಂಡಿಗೆ ತವಿಲಿನ ಚರ್ಮ ಸಡಿಲಗೊಂಡು ಒದ್ದೆ ಚೀಲ ಬಡಿದಂತೆ ಕೇಳುತ್ತಿತ್ತು. ಕ್ವಾರ್ಟರ್ಸಿನ ಹೆಂಗಸರು ಇದ್ದಿಲ ಒಲೆಯೊಂದನ್ನು ಹೊತ್ತು ತಂದರು. ನಾನು ರಟ್ಟಿನ ತುಂಡಿನಿಂದ ಗಾಳಿ ಹಾಕಿದೆ. ತವಿಲಿನವರು ವಾದ್ಯವನ್ನು ಮಗುವಿನಂತೆ ತೋಳಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸಿದರು. ಆಮೇಲೆ ಅವರೊಬ್ಬರೇ ನುಡಿಸಿದಾಗ ಮಳೆ ಯಾವುದು, ಬೆರಳು ಯಾವುದು ಎಂದು ತಿಳಿಯಲಿಲ್ಲ. ಮಳೆ ಚಣಹೊತ್ತು ನಿಂತಿತು, ಅವರು ನಿಲ್ಲಲಿಲ್ಲ. ನನ್ನ ತೋಳುಗಳು ಸೋತಿದ್ದವು, ಆದರೂ ಕುರ್ಚಿಯನ್ನು ಕೆಳಗಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆದರೆ ಇದು ಯಾವ ವರ್ಷದ್ದು? ಮರುದಿನ ಗ್ರಂಥಾಲಯದಲ್ಲಿ ಪತ್ರಿಕೆಯ ಹಳೆಯ ಸಂಪುಟ ತೆಗೆಸಿದೆ. ವರದಿ ಮೂರು ಸಾಲಿನದು, ಬರೆದವರು ದೀಪ ಆರಿದಾಗಲೇ ಎದ್ದು ಹೋಗಿರಬೇಕು. ಭದ್ರಾವತಿಗೆ ಹೋಗಿ ಉತ್ಸವ ಸಮಿತಿಯ ಬೀರು ತೆಗೆಸಿದೆ. ನಡಾವಳಿ ಪುಸ್ತಕದಲ್ಲಿ ಆ ವಾರದ ಪುಟ ಖಾಲಿಯಿತ್ತು. ಹಿಂದಿರುಗುವ ಬಸ್ಸು ಮಾಚೇನಹಳ್ಳಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ, ಇಳಿದು ನಡೆದುಬಿಡೋಣ ಅನ್ನಿಸುವಷ್ಟು ಚಡಪಡಿಕೆ. ಮನೆಗೆ ಬಂದವನೇ, ಖಾಸಗಿಯದೆಂದು ಎಂದೂ ಆಧಾರವಾಗಿ ಬಳಸದಿದ್ದ ನನ್ನ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ಅದೇ ವರ್ಷ, ಐದನೆಯ ದಿನ, ಶನಿವಾರ: ‘ಭದ್ರಾವತಿ. ನಾಗಸ್ವರ. ಪೂರ್ತಿ ಒದ್ದೆ.’ ಪಂಚಾಂಗದೊಂದಿಗೆ ಎರಡು ಬಾರಿ ತಾಳೆ ನೋಡಿದೆ. ಸಂದೇಹಕ್ಕೆ ಎಡೆಯಿರಲಿಲ್ಲ. ನಾನು ಹಾಜರಿದ್ದ ಕಛೇರಿಯನ್ನು ನಾನೇ ಅಳಿಸಿದ್ದೆ.

ಹೇಳಿಕೆಯ ಪತ್ರ ಬರೆದೆ: ಸಂಚಿಕೆಯ ವಾಕ್ಯ ತಪ್ಪು, ತಪ್ಪು ನನ್ನದು, ಕಛೇರಿ ನಡೆಯಿತು, ಈ ಕಲಾವಿದರು ತವಿಲನ್ನು ಬಹಳ ಚೆನ್ನಾಗಿ ನುಡಿಸಿದ್ದನ್ನು ಖುದ್ದಾಗಿ ಕೇಳಿದ್ದೇನೆ. ದಿನಚರಿಯ ಪುಟದ ಪ್ರತಿಯನ್ನೂ ಜೋಡಿಸಿದೆ. ಅವರನ್ನು ಕರೆಸಿ ಓದಿ ಹೇಳಿದಾಗ ಅವರು ಒಂದು ಕಡೆ ತಡೆದರು.

“ಬಹಳ ಚೆನ್ನಾಗಿ ಅನ್ನೋದು ತೆಗೀರಿ ಸಾರ್. ಬಲಗಡೆ ಚರ್ಮ ಕೊನೇವರೆಗೂ ಸರಿ ಕೂರ್ಲಿಲ್ಲ. ಆ ನಾಗಸ್ವರದೋರು ಇವತ್ತು ಇದ್ದಿದ್ರೆ ನಗ್ತಿದ್ರು.”

ನನ್ನ ಕಿವಿ ಒಪ್ಪಲಿಲ್ಲ. ಆದರೂ ಅವರ ಮಾತಿನಂತೆ ಆ ಎರಡು ಪದಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

ಗುಮಾಸ್ತರು ಪತ್ರವನ್ನು ಕಡತಕ್ಕೆ ಸೇರಿಸಿಕೊಂಡರು. ಅಚ್ಚಾದ ಪುಸ್ತಕದ ಎದುರು ಕೈಬರಹದ ಕಾಗದಕ್ಕೆ ಎಷ್ಟು ಬೆಲೆಯೆಂಬುದನ್ನು ಆಯ್ಕೆ ಸಮಿತಿಯೇ ಹೇಳಬೇಕೆಂದರು. ಸಭೆ ಇನ್ನೂ ಸೇರಿಲ್ಲ. ಅಲ್ಲಿಯವರೆಗೆ ಸುಮ್ಮನಿರಲು ನನ್ನಿಂದಾಗುತ್ತಿಲ್ಲ. ಕಪ್ಪು ಶಾಯಿಯ ಪೆನ್ನು ಹಿಡಿದು ವಾರಕ್ಕೆರಡು ಸಲ ಭದ್ರಾವತಿಗೆ ಹೋಗುತ್ತೇನೆ. ಸಂಚಿಕೆ ಇದೆಯೆಂದು ತಿಳಿದ ಮನೆಗಳ ಬಾಗಿಲು ತಟ್ಟಿ, ಅದನ್ನು ಕೇಳಿ ಪಡೆದು, ‘ರದ್ದಾಯಿತು’ ಎಂಬುದನ್ನು ಹೊಡೆದು ‘ಮಳೆಯಲ್ಲೇ ನಡೆಯಿತು’ ಎಂದು ಬರೆದು, ತವಿಲಿನವರ ಹೆಸರು ಸೇರಿಸುತ್ತೇನೆ. ನಿನ್ನೆ ಒಬ್ಬ ಗೃಹಿಣಿ ತಮ್ಮ ಮನೆಯ ಪ್ರತಿಯನ್ನು ಹಿಂದಕ್ಕೆ ಪಡೆಯುತ್ತಾ, ಪಕ್ಕದ ಬೀದಿಯ ಇನ್ನೂ ಎರಡು ಮನೆಗಳನ್ನು ತೋರಿಸಿದರು.