ಕೆಂಪು ಹೂವೇ ಬಂದಿತ್ತು

ಗುರುವಾರ ಬೆಳಿಗ್ಗೆ ದೇವರ ದೀಪಗಳಿಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದೆ. ಆ ದೇವರು ಹೌದು ಎಂದದ್ದನ್ನು ಒಮ್ಮೆ ನಾನು ಇಲ್ಲ ಎಂದು ಹೇಳಿದ್ದೇನೆ. ಮಗಳಿಗೆ ಹೇಳಿದೆ, ಗಂಡನಿಗೆ ಹೇಳಿದೆ, ಕೇಳಿದವರಿಗೆಲ್ಲ ಹೇಳಿದೆ. ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಸಂಜೆಯಾದರೆ ಅದೇ ದೇವರ ಮುಂದೆ ದೀಪವನ್ನೂ ಹಚ್ಚಿದೆ.

ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ಅಂದು ಧಾರೆ ದಪ್ಪಗಿತ್ತು, ಅದೇ ಒಂದು ಪುಣ್ಯ ಅಂದುಕೊಂಡೆ. ಅಷ್ಟರಲ್ಲಿ ಇವರು ಮೊಬೈಲ್ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದರು. ನಮ್ಮ ಒಬ್ಬಳೇ ಮಗಳು ನಿಶ್ಮಿತಾ ಒಂದು ವಿಡಿಯೊ ಕಳಿಸಿದ್ದಳು. ಅವಳಿಗೆ ಈಗ ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಕೆಲಸ, ಅವಳಿಗೂ ಒಬ್ಬಳು ಮಗಳು.

“ನೋಡು ಮಾರಾಯ್ತಿ, ನಮ್ಮನ್ನೇ ಹೇಳೋದು,” ಎಂದರು ಇವರು.

ಇವರು ರಿಟೈರ್ ಆಗುವವರೆಗೂ ಅಡುಗೆ ಮಾಡುತ್ತಿದ್ದ ಪೋಲೊ ಕ್ಲಬ್ಬಿನ ವಿಡಿಯೊ ಅದು. ಹೆಣ್ಣುಮಕ್ಕಳಿಗೆ ಹೊಸ ಬ್ಯಾಚು ಶುರುವಾಗುತ್ತದಂತೆ, ಅದರ ಸಮಾರಂಭ. ಸೆಕ್ರೆಟರಿ ಮೈಕ್ ಹಿಡಿದು ಹಿಂದಿಯಲ್ಲಿ ಹೇಳುತ್ತಿದ್ದರು: “ಹುಡುಗಿಯರಿಗೆ ನಮ್ಮ ಗೇಟು ಯಾವತ್ತೂ ತೆರೆದೇ ಇತ್ತು. ಮನೆಯವರೇ ಕಳಿಸುವುದಿಲ್ಲ. ನಮ್ಮ ಅಡುಗೆಯವನ ಮಗಳೊಬ್ಬಳಿದ್ದಳು, ಒಳ್ಳೆ ಹೊಡೆತ ಅವಳದ್ದು. ತಾಯಿ ದೇವರ ಮುಂದೆ ಹೂ ಇಟ್ಟು ಕೇಳಿದಳಂತೆ. ದೇವರಿಗೆ ಪೋಲೊ ಇಷ್ಟ ಇಲ್ಲ ಅಂತ ಗೊತ್ತಾಯಿತಂತೆ.”

ಸಭೆಯೆಲ್ಲ ನಕ್ಕಿತು.

ನನ್ನ ಮೈ ಉರಿದುಹೋಯಿತು. ಯಾವ ಗೇಟು ತೆರೆದಿತ್ತು? ಹಿಂದಿನದು, ತರಕಾರಿ ಗಾಡಿ ಬರುವ ಗೇಟು. ಕೆಲಸದವರ ಮಕ್ಕಳಿಗೂ ಕಲಿಸುತ್ತೇವೆ ಎಂದು ಹೇಳಿ ನನ್ನ ಮಗಳನ್ನು ಸೇರಿಸಿಕೊಂಡರಲ್ಲ, ಹುಡುಗರೆಲ್ಲ ಆಡಿ ಮುಗಿಸುವವರೆಗೆ ಅವಳು ಬಿಸಿಲಿನಲ್ಲಿ ನಿಲ್ಲಬೇಕಿತ್ತು. ಆಮೇಲೆ ಸಿಗುವುದು ದಣಿದ ಮುದಿ ಕುದುರೆ. ಫೋಟೊಕ್ಕೆ ಮಾತ್ರ ಅವಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು, ಚಹಾ ಮಾತ್ರ ಅಡುಗೆಮನೆಯ ಹಿಂದೆ. ಅವಳು ಹೋಗುವುದನ್ನು ಬಿಟ್ಟಾಗ ಆ ಸೆಕ್ರೆಟರಿ ಇವರನ್ನು ಒಂದು ಮಾತೂ ಕೇಳಿದವರಲ್ಲ. ಈಗ ನಗುತ್ತಾರೆ.

ಆದರೆ ನನ್ನನ್ನು ಹೆಚ್ಚು ಸುಟ್ಟದ್ದು ಅದಲ್ಲ. ಅವರು ನಗುತ್ತಿದ್ದದ್ದು ನನ್ನ ದೇವರನ್ನು ಕಂಡು. ಆ ದೇವರು ಬೇಡ ಎಂದೇ ಇರಲಿಲ್ಲ. ಅವನ ಹೆಸರಿಗೆ ಆ ಮಾತು ಹಚ್ಚಿದವಳು ನಾನು —

ನಿಶುವಿಗೆ ಆಗ ಹದಿನೇಳೋ ಹದಿನೆಂಟೋ. ಪೋಲೊ ಎಂದರೆ ಓಡುವ ಕುದುರೆಯ ಮೇಲಿಂದ ಉದ್ದ ಕೋಲಿನಲ್ಲಿ ಚೆಂಡು ಹೊಡೆಯುವ ಆಟ. ಮೊದಲು ಮರದ ಕುದುರೆಯ ಮೇಲೆ ಕೂರಿಸಿ ಕಲಿಸುತ್ತಾರೆ. ಸುತ್ತ ಬಲೆ, ಇಳಿಜಾರು ನೆಲ, ಹೊಡೆದ ಚೆಂಡು ಉರುಳಿ ಮತ್ತೆ ಕಾಲಬುಡಕ್ಕೆ ಬರುತ್ತದೆ. ಅವಳು ಹುಟ್ಟಾ ಎಡಗೈಯವಳು. ಎಡಗೈಯಲ್ಲಿ ಉಣ್ಣಬೇಡ ಎಂದು ಚಿಕ್ಕಂದಿನಲ್ಲಿ ನಾನು ಅವಳ ಕೈಗೆ ಎಷ್ಟು ಹೊಡೆದಿದ್ದೇನೋ. ಪೋಲೊದಲ್ಲಿ ಬಲಗೈಯಲ್ಲೇ ಆಡಬೇಕು ಎಂಬ ನಿಯಮವಂತೆ. ಮೊದಲ ದಿನ ಬಂದವಳೇ, “ಅಮ್ಮ, ನಿನ್ನ ರೂಲ್ ಕುದುರೆಗಳಿಗೂ ಗೊತ್ತುಂಟು,” ಎಂದು ನಕ್ಕಳು. ಆ ಹುಡುಗಿ ಎರಡೂ ಕೈಗಳಲ್ಲಿ ಗಟ್ಟಿಯಾದಳು, ಒಂದರಲ್ಲಿ ಲಗಾಮು, ಇನ್ನೊಂದರಲ್ಲಿ ಕೋಲು. ಕಲಿಸುವ ಮೇಡಂ ಅವಳನ್ನು ಹುಡುಗಿಯರ ಟೀಮಿಗೆ ಆರಿಸಿದರು. ಜೈಪುರದಲ್ಲಿ ಮ್ಯಾಚು. ಮನೆಯ ಒಪ್ಪಿಗೆ ಬೇಕು ಎಂದು ಮೇಡಂ ಸ್ವತಃ ನನಗೆ ಫೋನು ಮಾಡಿದರು.

ನಮ್ಮವರು ಸುಮ್ಮನಿದ್ದರೇ? ಚೆಂಬೂರಿನ ನನ್ನ ನಾದಿನಿ ಮನೆಗೇ ಬಂದಳು. “ಅತ್ತಿಗೆ, ಹುಡುಗಿಯನ್ನು ಕುದುರೆ ಹತ್ತಿಸಿದ್ದೀರಂತೆ. ನಾಳೆ ಹೆಣ್ಣು ನೋಡುವವರು ಎಲ್ಲಿಗೆ ಬರ್ಬೇಕು, ಮನೆಗಾ, ಲಾಯಕ್ಕಾ?” ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಬಿದ್ದು ಕಾಲು ಮುರಿದುಕೊಂಡ ಹುಡುಗಿಯರ ಕತೆಯನ್ನೂ ಹೇಳಿದಳು. ಅವಳ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ನನ್ನನ್ನು ತಡೆದದ್ದು ಅವಳ ಮಾತಲ್ಲ.

ಒಮ್ಮೆ ನಿಶುವಿನ ಆಟ ನೋಡಲು ನಾನು ಕ್ಲಬ್ಬಿಗೆ ಹೋಗಿದ್ದೆ. ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಜಗಲಿಯ ಕಂಬದ ಪಕ್ಕ ನಿಂತಿದ್ದೆ. ಕುರ್ಚಿಯಲ್ಲಿ ಕೂತ ಹೆಂಗಸೊಬ್ಬರು ತಿರುಗಿ ನೋಡದೆ, “ಬಾಯಿ, ಇದನ್ನು ತೆಗೆದುಕೊಂಡು ಹೋಗು,” ಎಂದು ಕೆಲಸದವಳಿಗೆ ಹೇಳುವ ಹಾಗೆ ಎಂಜಲು ಗ್ಲಾಸು ಚಾಚಿದರು. ನಾನು ತೆಗೆದುಕೊಂಡೆ. ಆಟಗಾರ್ತಿಯ ತಾಯಿ ನಾನು ಎನ್ನಲು ಬಾಯಿ ಬರಲಿಲ್ಲ. ಗ್ಲಾಸು ತೊಳೆದೂ ಇಟ್ಟೆ. ಆ ಜಾಗದಲ್ಲಿ ನನ್ನ ಮಗಳು ಇರುವುದೇ ಬೇಡ ಎಂದು ಅಂದೇ ಒಳಗೆ ಗಂಟು ಹಾಕಿಕೊಂಡಿದ್ದೆ. ಇದನ್ನು ಕಾರಣ ಎಂದು ಹೇಳುತ್ತಿಲ್ಲ. ಗ್ಲಾಸು ಹಿಡಿದ ಕೈ ನನ್ನದು, ಅವಮಾನವೂ ನನ್ನದು. ಅದರ ಲೆಕ್ಕವನ್ನು ಅವಳಿಂದ ಯಾಕೆ ತೀರಿಸಿಕೊಂಡೆ?

ನಮ್ಮ ಊರ ಕಡೆ ಮನಸ್ಸು ಎರಡಾದಾಗ ಹೂ ಇಟ್ಟು ಕೇಳುತ್ತೇವೆ. ಕೆಂಪು ಒಂದು, ಬಿಳಿ ಒಂದು. ಎರಡನ್ನೂ ಬಾಳೆಲೆ ತುಂಡಿನಲ್ಲಿ ಒಂದೇ ತರ ಮಡಚಿ, ದೇವರ ಮುಂದಿಟ್ಟು, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಕೆಂಪು ಬಂದರೆ ಹೌದು, ಬಿಳಿ ಬಂದರೆ ಬೇಡ. ಬಂದ ಮೇಲೆ ಮತ್ತೆ ಕೇಳುವ ಹಾಗಿಲ್ಲ. ನಿಶುವೇ ಹೇಳಿದಳು, “ಅಮ್ಮ, ನಾನು ಪೋಲೊ ಆಡ್ಬೇಕಾ ಬೇಡ್ವಾ ಅಂತ ನೀನು ಹೂ ಇಟ್ಟು ಕೇಳು. ದೇವ್ರು ಏನ್ ಹೇಳ್ತಾರೆ ಅದು ಫೈನಲ್.”

ಬಿಳಿ ಬರಲಿ, ಬಿಳಿ ಬರಲಿ ಎಂದು ಬೇಡಿಕೊಂಡೇ ಎತ್ತಿದೆ. ಬಿಚ್ಚಿದರೆ ಕೆಂಪು ದಾಸವಾಳ.

ಅದನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಎಲೆಯನ್ನು ಬಿಚ್ಚಿ ಹೊರಗೆ ಬಂದೆ.

“ಬಿಳಿ ಬಂತು ಮಗಾ,” ಎಂದೆ.

ಅವಳು ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಜಗಳವಾಡಿದ್ದರೆ, ಅತ್ತಿದ್ದರೆ, ಬಹುಶಃ ನಾನು — ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ಅವಳು “ಓಕೆ ಅಮ್ಮ” ಎಂದಳು. ಒಳಗೆ ಹೋಗಿ ದೇವರಿಗೆ ಅಡ್ಡಬಿದ್ದಳು. ಬೂಟುಗಳನ್ನು ಮಂಚದ ಕೆಳಗೆ ತಳ್ಳಿದಳು. ಇವರು ಕ್ಲಬ್ಬಿಗೆ ಹೋಗಿ, ನಾನು ಹೇಳಿದ್ದೇ ನಿಜ ಎಂದು ನಂಬಿಕೊಂಡು, ಹೂವಿನ ಮಾತನ್ನು ಅಲ್ಲಿ ಹೇಳಿದರು. ಅದೇ ಮಾತು ಈಗ ಮೈಕಿನಲ್ಲಿ ಬಂದಿತು.

ದೇವರು ನನಗೆ ಕಡಿಮೆ ಮಾಡಲಿಲ್ಲ. ಇವರ ಮೊಣಕಾಲು ಇನ್ನೂ ಮೆಟ್ಟಿಲು ಹತ್ತುತ್ತದೆ, ಅಳಿಯ ಒಳ್ಳೆಯವನು, ಮೊಮ್ಮಗಳು ಆದ್ಯಾ ನನ್ನನ್ನು ಕಂಡರೆ ಓಡಿ ಬರುತ್ತಾಳೆ. ಒಂದೊಂದನ್ನು ಎಣಿಸುವಾಗಲೂ ಸೊಂಟದಲ್ಲಿ ಆ ಹೂವಿನ ಗಂಟು ಒತ್ತಿದಂತೆ ಆಗುತ್ತಿತ್ತು.

ವಿಡಿಯೊದ ಕೆಳಗೆ ನಿಶುವಿನ ದನಿಯಲ್ಲಿ ಒಂದು ಮೆಸೇಜ್ ಇತ್ತು. ಇವರು ಅದನ್ನೂ ಹಾಕಿದರು. “ಅಮ್ಮ, ಅವ್ರು ನಗ್ಲಿ ಬಿಡು, ಟೆನ್ಶನ್ ತಗೋಬೇಡ. ಆದ್ಯಾಗೆ ಆ ಹೊಸ ಬ್ಯಾಚಲ್ಲಿ ಸೇರ್ಬೇಕಂತೆ, ಜಿದ್ದ್ ಮಾಡ್ತಾ ಇದ್ದಾಳೆ. ನೀನು ಒಂದ್ಸಲ ಹೂ ಇಟ್ಟು ಕೇಳು, ಹಾಂ? ನಿನ್ನ ಕೈಗೆ ಕರೆಕ್ಟ್ ಬರ್ತದೆ.”

ನಿನ್ನ ಕೈಗೆ ಕರೆಕ್ಟ್ ಬರ್ತದೆ. ಹುಳಿ ಮೆತ್ತಿದ ಕೈಯನ್ನೇ ನೋಡಿದೆ. ತೊಳೆಯಲೂ ಇಲ್ಲ, ಇವರಿಗೆ ನಂಬರು ಒತ್ತಲು ಹೇಳಿದೆ.

“ನಿಶು, ಅವತ್ತು ಕೆಂಪು ಹೂವೇ ಬಂದಿತ್ತು. ನಾನು ಸುಳ್ಳು ಹೇಳಿದೆ.”

ಆ ಕಡೆ ಹೋಟೆಲಿನ ಸದ್ದು ಮಾತ್ರ ಕೇಳುತ್ತಿತ್ತು, ಯಾರದೋ ಸೂಟ್‌ಕೇಸಿನ ಚಕ್ರ, ಯಾರದೋ ನಗು. ಆಮೇಲೆ ಅವಳು ಮೆಲ್ಲಗೆ ಹೇಳಿದಳು: “ಅಮ್ಮ, ನಾನು ಎಷ್ಟೋ ದಿನ ದೇವ್ರ ಹತ್ರ ಸಾರಿ ಕೇಳ್ತಾ ಇದ್ದೆ, ಗೊತ್ತಾ? ನಂದೇನೋ ಗಲತಿ ಆಗಿದೆ, ಅದಕ್ಕೇ ಬೇಡ ಅಂದ್ರು ಅಂತ.”

ಹುಳಿಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

“ಆದ್ಯಾಗೆ ಹೂ ಇಡ್ಬೇಡ ನೀನು. ಭಾನುವಾರ ನಾನೇ ಹೋಗಿ ಹೆಸ್ರು ಹಾಕ್ತೇನೆ.” ಫೋನು ಇಟ್ಟಳು.

ಇವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. “ನಂಗಾದ್ರೂ ಹೇಳ್ಬಹುದಿತ್ತು,” ಎಂದಷ್ಟೇ ಹೇಳಿ ಹೊರಗಿನ ಕೋಣೆಗೆ ಹೋದರು.

ಭಾನುವಾರ ನಾನೂ ಹೋಗುತ್ತೇನೆ. ಅವಳು ಕರೆಯಲಿಲ್ಲ, ಆದರೂ ಹೋಗುತ್ತೇನೆ, ಮುಂದಿನ ಗೇಟಿನಿಂದ. ಆ ಸೆಕ್ರೆಟರಿಯ ಎದುರು ನಿಂತು ನನ್ನ ಹರಕು ಹಿಂದಿಯಲ್ಲಿ ಎರಡು ಮಾತು ಹೇಳಬೇಕು. ನಿಮ್ಮ ಗೇಟು ತೆರೆದಿರಲಿಲ್ಲ. ನಮ್ಮ ದೇವರು ಬೇಡ ಅಂದಿರಲಿಲ್ಲ, ಬೇಡ ಅಂದವಳು ನಾನು, ನಗುವುದಾದರೆ ನನ್ನ ಮುಖ ನೋಡಿ ನಗಿ. ನಿಶು ಅದನ್ನು ಕೇಳಿ ನನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಅಡುಗೆಮನೆಗೆ ಬಂದರೆ ನಲ್ಲಿಯ ನೀರು ನಿಂತುಹೋಗಿತ್ತು. ದೀಪಗಳ ಮೇಲೆ ಹುಳಿ ಒಣಗಿ ಕಲೆ ಕಟ್ಟಿತ್ತು. ಬಕೆಟ್ಟಿನಲ್ಲಿ ಉಳಿದ ನೀರು ತೆಗೆದುಕೊಂಡು ಕೂತು ಮೊದಲಿನಿಂದ ತಿಕ್ಕತೊಡಗಿದೆ.