ತಪ್ಪಿದ ಹೊಡೆತಕ್ಕೊಂದು ಅಂಕ

ನಾಸಿಕದ ನಮ್ಮ ಹೋಟೆಲಿಗೆ ದಿನಾ ಮಧ್ಯಾಹ್ನ ಮೂರಕ್ಕೆ ಆಸ್ಟ್ರೇಲಿಯದ ಮುದುಕರೊಬ್ಬರು ಬರುತ್ತಿದ್ದರು. ಊಟದವರು ಹೋಗಿ ಚಹಾದವರು ಇನ್ನೂ ಬಾರದ ಹೊತ್ತು ಅದು. ಅವರ ಕಣ್ಣಿಗೆ ಪೊರೆ ಬಂದಿತ್ತು. ಯೌವನದಲ್ಲಿ ಅವರು ಆಡಿದ್ದ ಮೆಲ್ಬರ್ನಿನ ಫುಟ್‌ಬಾಲ್ ಕ್ಲಬ್ಬು ಹಳೆಯ ಆಟಗಾರರ ನೆನಪುಗಳನ್ನು ಕೇಳಿ ಪತ್ರ ಕಳಿಸಿತ್ತು. ಉತ್ತರ ಬರೆದುಕೊಡು ಎಂದು ಅಪ್ಪ ನನಗೆ ಹೇಳಿದರು. ಎಂ.ಎ. ಓದಲು ನಾನು ಔರಂಗಾಬಾದಿಗೆ ಹೊರಡುವುದಕ್ಕೆ ಆರು ದಿನ ಉಳಿದಿತ್ತು.

ಅವರು ಇಂಗ್ಲಿಷಿನಲ್ಲಿ ಹೇಳಿದರು, ನಾನು ಬರೆದುಕೊಂಡೆ. ನಸುಕಿನಲ್ಲಿ ಕುದುರೆಗಾಡಿಯಲ್ಲಿ ಮನೆಮನೆಗೆ ಬ್ರೆಡ್ ಹಾಕುವುದು, ಶನಿವಾರ ಮಧ್ಯಾಹ್ನ ಆಟ. ಕೆಲವು ವರ್ಷಗಳಲ್ಲಿ ಮೊಣಕಾಲು ಮುರಿಯಿತು. ಸೈನ್ಯಕ್ಕೆ ಕುದುರೆ ತರುವ ಹಡಗಿನಲ್ಲಿ ಕೆಲಸ ಹಿಡಿದು ನಾಸಿಕದ ಪಕ್ಕದ ದಂಡಿನೂರು ದೇವಳಾಲಿಗೆ ಬಂದವರು ಹಿಂದಿರುಗಲಿಲ್ಲ. "ಕುದುರೆಗಳೂ ಹಿಂದಿರುಗಲಿಲ್ಲ," ಎಂದು ನಕ್ಕರು.

ಒಂದು ಪಂದ್ಯದ ಬಗ್ಗೆ ಮಾತ್ರ ನಿಧಾನವಾಗಿ ಹೇಳಿದರು. ಎರಡೂ ಕಡೆ ಅಂಕ ಸಮ. ಆಟ ಮುಗಿಯುವ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು ಚೆಂಡು ಇವರಿಗೆ ಸಿಕ್ಕಿತು. ಹೊಡೆದರು, ಗುರಿ ತಪ್ಪಿತು, ಗೆದ್ದರು.

ತಪ್ಪಿದರೆ ಗೆಲ್ಲುವುದು ಹೇಗೆ? ವಯಸ್ಸಾಗಿ ಮರೆತಿರಬೇಕು ಎಂದುಕೊಂಡೆ. ಕೇಳಲು ಸಂಕೋಚವಾಗಿ, ಶುದ್ಧಪ್ರತಿಯಲ್ಲಿ ನಾನೇ ತಿದ್ದಿದೆ: ಗುರಿ ಮುಟ್ಟಿತು, ಗೆದ್ದೆವು.

ಹೊರಡುವ ಹಿಂದಿನ ದಿನ ಸಹಿಗೆ ಕೊಟ್ಟಾಗ, "ಮೊದಲು ಓದು ಬೇಟಿ," ಎಂದರು. ಓದುತ್ತಾ ಆ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟರು.

"ಇದು ನಾನು ಹೇಳಿದ್ದಲ್ಲ."

ತಿದ್ದಿದ್ದು ನಾನೇ ಎಂದು ಒಪ್ಪಿಕೊಂಡೆ.

"ಆವತ್ತು ನನ್ನ ಜೊತೆ ಆಡಿದವನೊಬ್ಬ ಇನ್ನೂ ಇದ್ದಾನೆ. ಇದನ್ನು ಓದಿ ನನ್ನನ್ನು ಸುಳ್ಳುಗಾರ ಅಂದುಕೊಂಡರೆ, ಅಲ್ಲ ಅನ್ನಲು ನಾನು ಅಲ್ಲಿಗೆ ಹೋಗಲಾರೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಮೇಜಿನ ಮೇಲೆ ನಾಲ್ಕು ಲೋಟಗಳನ್ನು ಸಾಲಾಗಿ ಇಡಿಸಿದರು. ಅವರ ದೇಶದ ಫುಟ್‌ಬಾಲಿನಲ್ಲಿ ಹೀಗೆ ನಾಲ್ಕು ಕಂಬ; ನಡುವಿನ ಎರಡರ ಮಧ್ಯೆ ಚೆಂಡು ಹೋದರೆ ಆರು ಅಂಕ; ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ. ನಿಂಬೆಹಣ್ಣೊಂದನ್ನು ಬೆರಳಿನಿಂದ ಚಿಮ್ಮಿ ತೋರಿಸಿದರು. ಅದು ಪಕ್ಕದ ಸಂದಿಯಲ್ಲಿ ಉರುಳಿತು. "ಆ ಒಂದರಿಂದ ಗೆದ್ದದ್ದು."

ಗಲ್ಲಾದಿಂದ ನೋಡುತ್ತಿದ್ದ ಅಪ್ಪನಿಗೆ ಈ ಲೆಕ್ಕವನ್ನು ಕನ್ನಡದಲ್ಲಿ ಹೇಳಿದೆ. "ಎಂತ ಮಾರಾಯ್ತಿ, ತಪ್ಪಿದ್ರೂ ಒಂದು ಮಾರ್ಕಾ? ನಿನ್ನ ಕಾಲೇಜಲ್ಲಿ ಉಂಟಾ ಹೀಗೆ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮುದುಕರ ಭುಜ ನಗುವಿನಿಂದ ಕುಲುಕಿತು.

ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ಚಹಾದವರು ಬರತೊಡಗಿದರು. ಅಪ್ಪ ನಮ್ಮ ಮೇಜಿನತ್ತ ಯಾರನ್ನೂ ಬಿಡದೆ, "ತಿಕಡೇ ಬಸಾ," ಎಂದು ಎಲ್ಲರನ್ನೂ ಬೇರೆ ಕಡೆ ಕೂರಿಸಿದರು. ನಾನು ಇಡೀ ಪುಟವನ್ನು ಮತ್ತೆ ಬರೆದೆ. ಓದಿ ಹೇಳಿ ಅವರ ಬೆರಳನ್ನು ಸಹಿಯ ಜಾಗಕ್ಕೆ ಮುಟ್ಟಿಸಿದೆ; ಸಹಿ ಹಾಕಿದರು. ಮೊದಲ ಪ್ರತಿಗೆ ಓದಿಸದೆ ಸಹಿ ಹಾಕಿದ್ದರೆ ನಾನೇ ಕಟ್ಟಿದ ಆ ಸುಳ್ಳು ಅವರ ಹೆಸರಿನಲ್ಲಿ ಸಮುದ್ರ ದಾಟುತ್ತಿತ್ತು. ಹಾಗಾಗದಂತೆ ಉಳಿಸಿದವರು ಅವರೇ. ಪತ್ರ ಹಿಡಿದು ಅಂಚೆ ಕಚೇರಿಗೆ ಓಡಿದೆ.

ಕೆಲವು ತಿಂಗಳ ನಂತರ ಔರಂಗಾಬಾದಿನ ಹಾಸ್ಟೆಲಿಗೆ ಅಪ್ಪನ ಕಾಗದ ಬಂತು. ಕ್ಲಬ್ಬಿಗೆ ಕಳಿಸಿದ್ದನ್ನು ಓದಿದ ಆ ಹಳೆಯ ಜೊತೆಗಾರರು ನಮ್ಮ ಮುದುಕ ಸಾಹೇಬರಿಗೆ ಉತ್ತರ ಬರೆದಿದ್ದರಂತೆ: "ಚೆಂಡು ನೀನು ಬರೆದಷ್ಟು ಹತ್ತಿರವೂ ಹೋಗಿರಲಿಲ್ಲವೋ ಮುದುಕಾ, ಇನ್ನೊಂದು ಗೇಣು ಆಚೆ ಹೋಗಿದ್ದರೆ ಆ ಒಂದಂಕವೂ ಇರುತ್ತಿರಲಿಲ್ಲ!" ಇಂಗ್ಲಿಷ್ ಬಲ್ಲ ಗಿರಾಕಿ ಯಾರು ಸಿಕ್ಕಿದರೂ ಸಾಹೇಬರು ಅದನ್ನೇ ಓದಿಸಿ ಕೇಳುತ್ತಿದ್ದಾರೆ, ರಜೆಗೆ ಬಂದಾಗ ನೀನೂ ಓದಬೇಕಂತೆ ಎಂದು ಅಪ್ಪ ಬರೆದಿದ್ದರು.